ಅಜ್ಜಿಯ ಬದುಕನ್ನು ಅಳೆಯುವುದು ಹೇಗೆ?



ಕಿಬ್ಬನಹಳ್ಳಿ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ, ಜಗಲಿಯ ಮೇಲೆ ಬೆನ್ನು ಬಾಗಿದ ಅಜ್ಜಿ ಕಾಣುತ್ತಾರೆ. "ವಯಸ್ಸಾಯ್ತಲ್ಲ, ಬಗ್ಗಿದಾರೆ" ಎಂದು ಮನೆಯವರು ಮಾತು ಮುಗಿಸುತ್ತಾರೆ. ಎಷ್ಟೋ ಸಲ ಅದು ಬರೀ ವಯಸ್ಸಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗಿ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ. ಬೀಳದೇ ಇದ್ದರೂ, ಬಿಂದಿಗೆ ಎತ್ತುವಾಗಲೇ ಬೆನ್ನುಮೂಳೆಯ ಒಂದು ಮಣಿ ಕುಸಿಯಬಹುದು. ಇದೇ ಆಸ್ಟಿಯೋಪೊರೋಸಿಸ್. (ಮಂಡಿನೋವಿಗೂ ನಮ್ಮಲ್ಲಿ "ಮೂಳೆ ಸವೆತ" ಅಂತಾರೆ. ಅದು ಬೇರೆ, ಇದು ಬೇರೆ.)

ಮೂಳೆಯ ಗಟ್ಟಿತನ ನೋಡಲು ಡೆಕ್ಸಾ ಯಂತ್ರವಿದೆ. ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೊತ್ತುಮಾಡಿತು. ಆದರೆ ಒಂದೇ ಅಂಕಿಯ ಇಬ್ಬರಲ್ಲಿ ಒಬ್ಬರು ತಿಪಟೂರು ಸಂತೆಗೆ ಹೋಗಿಬರುತ್ತಾರೆ, ಇನ್ನೊಬ್ಬರು ಹೊಸ್ತಿಲು ದಾಟುವುದಿಲ್ಲ. ಈ ವ್ಯತ್ಯಾಸ ಯಂತ್ರಕ್ಕೆ ಕಾಣದು, ಕೇಳಿಯೇ ತಿಳಿಯಬೇಕು.

ಹಾಗೆ ಕೇಳಲೆಂದೇ ಯುರೋಪಿನ ತಜ್ಞರು 1990ರ ದಶಕದಲ್ಲಿ 'ಕ್ವಾಲೆಫೊ-41' ಎಂಬ ಪ್ರಶ್ನಾವಳಿ ಮಾಡಿದರು. ಬೆನ್ನುಮೂಳೆ ಕುಸಿದವರಿಗೆ 41 ಪ್ರಶ್ನೆಗಳು: ನೋವು, ಮೈಕೈ ಓಡಾಟ, ಮನೆಗೆಲಸ, ಜನರೊಡನೆ ಬೆರೆಯುವುದು, ಒಟ್ಟು ಆರೋಗ್ಯ, ಮನಸ್ಸು. ಸೊನ್ನೆ ಬಂದರೆ ಉತ್ತಮ, 100 ಬಂದರೆ ತೀರಾ ಕಷ್ಟ.

ಲೆಕ್ಕ ಸುಲಭ. ನೋವಿನ ಭಾಗದಲ್ಲಿ 5 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಅಂದರೆ ಕನಿಷ್ಠ 5, ಗರಿಷ್ಠ 25. ಒಬ್ಬ ಅಜ್ಜಿಗೆ 18 ಬಂತು ಅನ್ನಿ. 18ರಲ್ಲಿ 5 ಕಳೆದರೆ 13. ಅದನ್ನು 20ರಿಂದ ಭಾಗಿಸಿ 100ರಿಂದ ಗುಣಿಸಿದರೆ 65. ಚಿಕಿತ್ಸೆಯ ನಂತರ ಮೊತ್ತ 11ಕ್ಕೆ ಇಳಿದರೆ 30 ಆಗುತ್ತದೆ. ನೋವು ಎಷ್ಟು ತಗ್ಗಿತು ಎಂಬುದು ಕಣ್ಣಿಗೇ ಕಾಣುತ್ತದೆ.

ತೊಡಕು ಇರುವುದು ಪ್ರಶ್ನೆಗಳಲ್ಲಿ. ಆಟ ಆಡುತ್ತೀರಾ, ಸಿನಿಮಾ-ನಾಟಕಕ್ಕೆ ಹೋಗುತ್ತೀರಾ ಎಂದು ಅದರಲ್ಲಿದೆ. ನಮ್ಮ ಅಜ್ಜಿ ನಕ್ಕುಬಿಟ್ಟಾರು! ಬರೀ ಭಾಷೆ ಬದಲಾಯಿಸಿದರೆ ಸಾಲದು. ಕುಕ್ಕರುಗಾಲಲ್ಲಿ ಕೂತು ಗರಿ ಹೆಣೆಯಬಲ್ಲರೇ, ಒಲೆ ಮುಂದೆ ಬಗ್ಗಿ ಮುದ್ದೆ ತಿರುವಬಲ್ಲರೇ, ಕೆ.ಬಿ. ಕ್ರಾಸಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತಬಲ್ಲರೇ, ಜಾತ್ರೆಗೆ, ಮಗಳ ಮನೆಗೆ ಹೋಗಿಬರುತ್ತಾರೆಯೇ ಎಂದು ಕೇಳಬೇಕು. ಹೀಗೆ ಬದಲಿಸಿದ್ದನ್ನು ತಜ್ಞರು ಪರೀಕ್ಷಿಸದೆ ಯುರೋಪಿನ ಅಂಕದ ಜೊತೆ ಹೋಲಿಸಬಾರದು. ಅದೇ ಅಜ್ಜಿಯ ಹಿಂದಿನ ಸ್ಥಿತಿಯನ್ನು ಇಂದಿನದರ ಜೊತೆ ನೋಡಲು ನಮಗೆ ಸಾಕು.

ಕೇಳುವಾಗ ಮಗ-ಸೊಸೆ ಎದುರಿಗಿರಬಾರದು. ಇದ್ದರೆ "ನಂಗೇನ್ ಕಮ್ಮಿ ಕಣವ್ವ, ಚೆನ್ನಾಗ್ ನೋಡ್ಕೋತಾರೆ" ಎಂಬ ಉತ್ತರವೇ ಬರುತ್ತದೆ. ಓದು ಬಾರದವರಿಗೆ ನಾವೇ ಓದಿ ಹೇಳಬೇಕು, ಉತ್ತರವನ್ನು ಬಾಯಿಗೆ ತುರುಕಬಾರದು. ಮನಸ್ಸಿನ ಭಾಗದಲ್ಲಿ, ಪೂರ್ತಿ ಇನ್ನೊಬ್ಬರ ಕೈಗೆ ಬೀಳುತ್ತೇನೆಂಬ ಭಯವಿದೆಯೇ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ಅಜ್ಜಿ ಅತ್ತರೆ ಪೆನ್ನು ಕೆಳಗಿಡಿ. ಅಂಕ ಆಮೇಲೆ ಬರೆದರಾಯಿತು. "ಯಾಕಾದ್ರೂ ಬದ್ಕಿದೀನೋ" ಎಂದರೆ ಗುರುತು ಹಾಕಿ ಎದ್ದುಬರುವಂತಿಲ್ಲ. ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಿಗೆ ತಿಳಿಸಿ.

ಆರು ತಿಂಗಳಿಗೊಮ್ಮೆ ಅದೇ ಕಾರ್ಯಕರ್ತೆ, ಅದೇ ಪ್ರಶ್ನೆಗಳನ್ನು ಕೇಳಲಿ. ಜೊತೆಗೆ ಅಜ್ಜಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಎತ್ತರ ಗುರುತಿಸಿ. ಪ್ರಾಯದಲ್ಲಿದ್ದದ್ದಕ್ಕಿಂತ ಸುಮಾರು 4 ಸೆಂಟಿಮೀಟರ್ ಕುಗ್ಗಿದ್ದರೆ ಬೆನ್ನಿನ ಎಕ್ಸ್‌-ರೇ ಬೇಕೇ ಎಂದು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕೇಳಿ. ಹೋಗುವಾಗ ಈ ಅಂಕದ ಹಾಳೆಯನ್ನೂ ಒಯ್ಯಿರಿ.