ಮಾಟಿಯು ದ್ವೀಪದಿಂದ ಹೊರಟ ಹಡಗು

ಪಿಟೋನಿ ಬೀಚಿನಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಬಂದರಿನ ನಡುವೆ ಒಂದು ದ್ವೀಪ ಕಾಣುತ್ತೆ. ಹೆಸರು ಮಾಟಿಯು, ಇಂಗ್ಲಿಷರು ಇಟ್ಟ ಹೆಸರು ಸೋಮ್ಸ್. ವೆಲಿಂಗ್ಟನ್ ಬಾಡಿಗೆ ಕೈಗೆಟುಕದೆ ಲೋವರ್ ಹಟ್‌ನಲ್ಲಿ ಮನೆ ಹಿಡಿದ ನಾವು ಮೂವರು, ಕಾಲೇಜಿಗೆ ಹೋಗ್ತಾ ಬರ್ತಾ ದಿನಾ ರೈಲಿನ ಕಿಟಕಿಯಿಂದ ಅದನ್ನ ನೋಡ್ತಿದ್ವಿ. ಫೋಟೋಗೆ ಚೆನ್ನಾಗಿದೆ ಅನ್ನೋದಕ್ಕಿಂತ ಹೆಚ್ಚಿಗೆ ಏನೂ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಓದಿದವರಿಗೆ ಇತಿಹಾಸ ಅಂದ್ರೆ ಹತ್ತನೇ ಕ್ಲಾಸಿಗೇ ಮುಗಿದ ಲೆಕ್ಕ.

ಕಳೆದ ವರ್ಷ ಫೀಜೋವಾ ಹಣ್ಣಿನ ಕಾಲದಲ್ಲಿ ಪಕ್ಕದ ಮನೆಯ ಹಿರಿಯರೊಬ್ಬರು ಬೇಲಿಯ ಮೇಲಿಂದ ಒಂದು ಚೀಲ ಹಣ್ಣು ಕೊಟ್ಟರು. ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಅವರು ಹೇಳಿದ್ದು ಇಷ್ಟು: "ಮಾವೋರಿಗಳಿಗಿಂತ ಮೊದಲು ಇಲ್ಲಿ ಮೊರಿಯೊರಿ ಅಂತ ಬೇರೆ ಜನ ಇದ್ರು. ಇವರು ಅವರನ್ನ ಗುಲಾಮರನ್ನಾಗಿ ಮಾಡಿಕೊಂಡು ಮುಗಿಸಿಬಿಟ್ಟರು. ಈಗ ನಾವು ಭೂಮಿ ಕಿತ್ತುಕೊಂಡ್ವಿ ಅಂತ ದೂರೋದು ಯಾಕೆ?" ಕೈಯಲ್ಲಿ ಅವರದೇ ಹಣ್ಣು. ನಾವು ತಲೆ ಆಡಿಸಿದ್ವಿ. ಒಳಗೆ ಬಂದ ಮೇಲೆ ಅದು ಚುಚ್ಚಿತು. ಯಾವುದಕ್ಕೆ ಹೂಂ ಅಂದ್ವಿ ಅಂತಾನೇ ಗೊತ್ತಿಲ್ಲದೆ ಹೂಂ ಅಂದಿದ್ವಲ್ಲ. ಆಮೇಲೆ ಲೈಬ್ರರಿಯಲ್ಲಿ ಕೂತು ಓದಿದ್ದನ್ನ ಇಲ್ಲಿ ಬರೀತಿದ್ದೇವೆ.

ಮೊದಲು ಒಂದು ಅಕ್ಷರದ ವಿಷಯ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ 'ಙ'ಗೆ ಈ ದೇಶದಲ್ಲಿ ಕೈತುಂಬ ಕೆಲಸ. ಙಾಟಿ ಮುಟುಙ, ಙಾಟಿ ಟಾಮ: ಇವು ಎರಡು ಮಾವೋರಿ ಕುಲಗಳ ಹೆಸರು. ಮೂಲ ಊರು ಟಾರನಾಕಿ. ಯುರೋಪಿನ ವ್ಯಾಪಾರಿಗಳಿಂದ ಬಂದೂಕು ಬಂದ ಮೇಲೆ 1820ರ ದಶಕದಲ್ಲಿ ಮಾವೋರಿ ಕುಲಗಳ ನಡುವೆ ಭೀಕರ ಯುದ್ಧಗಳಾದವು. ಬಂದೂಕು ಮೊದಲು ಸಿಕ್ಕವರು ಸಿಗದವರನ್ನ ಓಡಿಸಿದರು. ಸೆರೆ ಸಿಕ್ಕವರು ಗುಲಾಮರಾದರು. ಉತ್ತರದ ವೈಕಾಟೊ ಕುಲಗಳ ಒತ್ತಡಕ್ಕೆ ಟಾರನಾಕಿ ಬಿಟ್ಟ ಈ ಎರಡು ಕುಲಗಳು ದಕ್ಷಿಣಕ್ಕೆ ಬಂದು ನೆಲೆಸಿದ್ದು ಇದೇ ಬಂದರಿನ ಸುತ್ತ. ಅಂದರೆ ಅವರೂ ಊರು ಕಳೆದುಕೊಂಡು ಬಂದವರೇ. ಇಲ್ಲೂ ನೆಮ್ಮದಿ ಇರಲಿಲ್ಲ. ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ದೂರದಲ್ಲಿ, ಹಕ್ಕಿ ಮೀನು ಹೇರಳವಾಗಿರುವ, ಜನ ಆಯುಧವನ್ನೇ ಹಿಡಿಯದ ದ್ವೀಪಗಳಿವೆ ಅನ್ನೋ ಸುದ್ದಿ ಹಡಗಿನಲ್ಲಿ ಹೋಗಿ ಬಂದವರಿಂದ ಸಿಕ್ಕಿತು.

1835ರ ನವೆಂಬರಿನಲ್ಲಿ 'ಲಾರ್ಡ್ ರಾಡ್ನಿ' ಅನ್ನೋ ಬ್ರಿಟಿಷ್ ಹಡಗನ್ನ ಅವರು ವಶಮಾಡಿಕೊಂಡರು. ಅದು ಮಾಟಿಯುವಿನಿಂದ ಹೊರಟಿತು. ಎರಡು ಪ್ರಯಾಣಗಳಲ್ಲಿ ಹೋದವರು ಸುಮಾರು 900 ಮಂದಿ. ಇಳಿದ ಜಾಗಕ್ಕೆ ಇವತ್ತಿನ ಹೆಸರು ಪೋರ್ಟ್ ಹಟ್. ಈ 'ಹಟ್' ನಮ್ಮನ್ನ ಬಿಡೋದಿಲ್ಲ, ಮುಂದೆ ಮತ್ತೆ ಬರುತ್ತೆ.

ದ್ವೀಪಗಳಿಗೆ ಅಲ್ಲಿಯವರು ಇಟ್ಟ ಹೆಸರು ರೇಕೊಹು. ಭೂಪಟದಲ್ಲಿ ಚಾಥಮ್ ದ್ವೀಪಗಳು ಅಂತಿರುತ್ತೆ. ಅಲ್ಲಿ ಶತಮಾನಗಳಿಂದ ಇದ್ದವರು ಮೊರಿಯೊರಿಗಳು. ಇಲ್ಲಿ ಹಿರಿಯರ ಮೊದಲ ತಪ್ಪನ್ನ ಸರಿಪಡಿಸಬೇಕು. ಅವರು ನ್ಯೂಜಿಲೆಂಡಿನಲ್ಲಿ ಮಾವೋರಿಗಳಿಗಿಂತ ಮೊದಲಿದ್ದ ಬೇರೆ ಜನಾಂಗ ಅಲ್ಲ. ಇಬ್ಬರದೂ ಒಂದೇ ಪಾಲಿನೇಷ್ಯನ್ ಮೂಲ. ಸಮುದ್ರದ ನಡುವೆ ಒಂಟಿಯಾಗಿ ಬೆಳೆದು ಅವರ ಮಾತು, ರೀತಿ ಬೇರೆಯಾಯ್ತು ಅಷ್ಟೇ. ನುನುಕು ಅನ್ನೋ ಪೂರ್ವಿಕ ಹಾಕಿಕೊಟ್ಟ ಕಟ್ಟಳೆ ಅವರಲ್ಲಿತ್ತು. ಜಗಳ ಆದ್ರೆ ಹೆಬ್ಬೆರಳಿನಷ್ಟು ದಪ್ಪದ ಕೋಲಿನಲ್ಲಿ ಹೊಡೆದಾಡಬಹುದು, ರಕ್ತ ಕಂಡ ತಕ್ಷಣ ನಿಲ್ಲಿಸಬೇಕು. ಕೊಲ್ಲೋ ಹಾಗಿಲ್ಲ.

ಬಂದವರು ನೆಲವನ್ನ ನಡೆದಾಡಿ ತಮ್ಮದು ಅಂತ ಹೇಳಿಕೊಳ್ಳೋಕೆ ಶುರುಮಾಡಿದಾಗ ಮೊರಿಯೊರಿಗಳು ಟೆ ಅವಪಾಟಿಕಿ ಅನ್ನೋ ಕಡೆ ದೊಡ್ಡ ಸಭೆ ಸೇರಿದರು. ಸಂಖ್ಯೆಯಲ್ಲಿ ಅವರೇ ಹೆಚ್ಚು, ಸುಮಾರು ಎರಡು ಪಟ್ಟು. ಹೋರಾಡೋಣ ಅಂದರು ಕಿರಿಯರು. ಹಿರಿಯರಾದ ಟೊರೆಯಾ, ಟಪಾಟ ಇಬ್ಬರೂ ನುನುಕುವಿನ ಕಟ್ಟಳೆ ಮುರಿಯಬಾರದು ಅಂದರು. ಅವರ ಮಾತೇ ನಿಂತಿತು. ಈ ಜಾಗದಲ್ಲಿ ನಮ್ಮ ಮೂವರಲ್ಲೇ ಜಗಳ ಆಯ್ತು. ಇದು ಮೂರ್ಖತನ ಅಂತ ಒಬ್ಬರು, ಇನ್ನೇನು ಉಳಿಯುತ್ತಿತ್ತು ಅಂತ ಇನ್ನೊಬ್ಬರು. ಇವತ್ತಿಗೂ ಇತ್ಯರ್ಥ ಆಗಿಲ್ಲ. ಸಭೆಯಿಂದ ಊರಿಗೆ ಮರಳಿದವರ ಮೇಲೆ ದಾಳಿ ಆಯ್ತು. ಸುಮಾರು 300 ಜನರನ್ನ ಕೊಂದರು. ಉಳಿದವರು ಗುಲಾಮರಾದರು. ತಮ್ಮತಮ್ಮಲ್ಲೇ ಮದುವೆಯಾಗೋ ಹಾಗಿಲ್ಲ, ತಮ್ಮ ಭಾಷೆ ಆಡೋ ಹಾಗಿಲ್ಲ.

ಈ ಗುಲಾಮಗಿರಿ ನಡೆದದ್ದು 1863ರವರೆಗೆ. ಆ ಇಸವಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದು ಮಾಡುವ ಕಾನೂನು ತಂದದ್ದು 1833ರಲ್ಲಿ. ರೇಕೊಹು ನ್ಯೂಜಿಲೆಂಡ್ ಸರ್ಕಾರದ ಆಡಳಿತಕ್ಕೆ ಸೇರಿದ್ದು 1842ರಲ್ಲಿ. ಆಮೇಲೂ 21 ವರ್ಷ ಸರ್ಕಾರ ಸುಮ್ಮನಿತ್ತು. 1862ರಲ್ಲಿ ಮೊರಿಯೊರಿ ಹಿರಿಯರು ಗವರ್ನರ್ ಜಾರ್ಜ್ ಗ್ರೇಗೆ ಅರ್ಜಿ ಬರೆದರು. 1835ರಲ್ಲಿ ಬದುಕಿದ್ದ ತಮ್ಮವರ ಹೆಸರುಗಳನ್ನೆಲ್ಲ ನೆನಪಿನಿಂದಲೇ ಪಟ್ಟಿ ಮಾಡಿದರು. ಆ ಹೊತ್ತಿಗೆ ಉಳಿದಿದ್ದವರು 101 ಜನ. ಕೊಲೆಗಿಂತ ರೋಗಕ್ಕೆ, ಬದುಕೇ ಬೇಡವಾಗಿ ಸತ್ತವರೇ ಹೆಚ್ಚು.

1863ರಲ್ಲಿ ದ್ವೀಪದ ಮ್ಯಾಜಿಸ್ಟ್ರೇಟ್ ಬಿಡುಗಡೆಯ ಘೋಷಣೆ ಹೊರಡಿಸಿದರು. ಲಿಂಕನ್ ಘೋಷಣೆಯೂ ಅದೇ ವರ್ಷದ ಜನವರಿ 1ರದ್ದು. ಅಮೆರಿಕದ ಆ ಯುದ್ಧ ಧಾರವಾಡ ಸೀಮೆಯವರಿಗೆ ಹತ್ತಿಯ ಮೂಲಕ ಮುಟ್ಟಿತ್ತು. ಅಲ್ಲಿಂದ ಹತ್ತಿ ಬರೋದು ನಿಂತಾಗ ನಮ್ಮ ಹತ್ತಿಗೆ ಬೆಲೆ ಏರಿತು, 1865ರಲ್ಲಿ ಯುದ್ಧ ಮುಗಿದ ಮೇಲೆ ಇಳಿಯಿತು. ನಮಗೆ ಇಲ್ಲಿ ಬೇಕಾದದ್ದು ಆಮೇಲಿನ ಕಥೆ. ಬಿಡುಗಡೆಯಾದವರಿಗೆ 40 ಎಕರೆವರೆಗೆ ಜಮೀನು ಅಂತ 1865ರ ಜನವರಿಯಲ್ಲಿ ಜನರಲ್ ಶರ್ಮನ್ ಆದೇಶ ಮಾಡಿದ್ದರು. ಅದೇ ವರ್ಷ ಅಧ್ಯಕ್ಷ ಆಂಡ್ರೂ ಜಾನ್ಸನ್ ಅದನ್ನ ತಿರುಗಿಸಿ ಹಳೇ ಮಾಲೀಕರಿಗೇ ಕೊಟ್ಟರು. ಬಿಡುಗಡೆಯಾದವರು ಅದೇ ಹೊಲಗಳಲ್ಲಿ ಪಾಲಿಗೆ ದುಡಿಯುವವರಾದರು.

ರೇಕೊಹುವಿನಲ್ಲೂ ಹಾಗೇ ಆಯ್ತು. 1870ರಲ್ಲಿ ಭೂಮಿ ಯಾರದು ಅಂತ ತೀರ್ಮಾನಿಸೋಕೆ ನೇಟಿವ್ ಲ್ಯಾಂಡ್ ಕೋರ್ಟ್ ಕೂತಿತು. ಕೋರ್ಟಿನ ನಿಯಮ ಏನಪ್ಪಾ ಅಂದ್ರೆ, 1840ರಲ್ಲಿ ಭೂಮಿ ಯಾರ ಕೈಯಲ್ಲಿತ್ತೋ ಅವರೇ ಒಡೆಯರು. ದಾಳಿಯಾಗಿ ಬರೀ ಐದು ವರ್ಷ ಆಗಿದ್ದ ಹೊತ್ತದು. ಗುಲಾಮನ ಕೈಯಲ್ಲಿ ಭೂಮಿ ಎಲ್ಲಿಂದ ಬರಬೇಕು? ಶೇಕಡಾ 97ಕ್ಕೂ ಹೆಚ್ಚು ನೆಲ ಙಾಟಿ ಮುಟುಙದವರ ಪಾಲಾಯ್ತು. ಅಷ್ಟರಲ್ಲಿ ಅವರಲ್ಲಿ ಬಹುಪಾಲು ಜನ ಟಾರನಾಕಿಗೆ ವಾಪಸ್ ಹೋಗಿಯೂ ಆಗಿತ್ತು. ನಮ್ಮ ಪ್ರಕಾರ ಈ ಕಥೆಯಲ್ಲಿ ಅತ್ಯಂತ ತಣ್ಣಗಿನ ಕ್ರೌರ್ಯ ಇದೇ. ಬಂದೂಕು ಹಿಡಿದವರಿಗೆ ಭಯ ಇತ್ತು, ಹಸಿವಿತ್ತು ಅನ್ನಬಹುದು. ಕೋರ್ಟಿಗೆ ಏನಿತ್ತು?

ಈಗ 'ಹಟ್' ವಿಷಯ. ನಮ್ಮ ಊರಿಗೆ, ನದಿಗೆ ಈ ಹೆಸರು ಬಂದದ್ದು ನ್ಯೂಜಿಲೆಂಡ್ ಕಂಪನಿಯ ವಿಲಿಯಂ ಹಟ್‌ನಿಂದ. ಗುಲಾಮರ ಹಡಗುಗಳನ್ನ ತಡೆಯೋಕೆ ಪಶ್ಚಿಮ ಆಫ್ರಿಕಾದ ಕಡಲಲ್ಲಿ ಕಾವಲಿದ್ದ ಬ್ರಿಟಿಷ್ ನೌಕಾದಳವನ್ನ ವಾಪಸ್ ಕರೆಸಬೇಕು, ಅದರಿಂದ ಖರ್ಚೇ ಹೊರತು ಪ್ರಯೋಜನ ಇಲ್ಲ ಅಂತ 1850ರಲ್ಲಿ ಸಂಸತ್ತಿನಲ್ಲಿ ಮಂಡಿಸಿ ಸೋತವನೂ ಇದೇ ಹಟ್. ಬಸ್ಸಿನ ಬೋರ್ಡಿನಲ್ಲಿ ಆ ಹೆಸರು ಓದುವಾಗ ಈಗ ಸ್ವಲ್ಪ ತಡವರಿಸುತ್ತೇವೆ.

ಮೊರಿಯೊರಿಗಳು 'ಮುಗಿದ' ಜನ ಅನ್ನೋದೂ ಸುಳ್ಳು. ಅವರು ಅಳಿದುಹೋದ ಕೀಳು ಜನಾಂಗ ಅಂತ 1916ರ 'ಸ್ಕೂಲ್ ಜರ್ನಲ್' ಮಕ್ಕಳಿಗೆ ಕಲಿಸಿತು. ಭೂಮಿ ಕಿತ್ತುಕೊಂಡವರಿಗೆ ಆ ಪಾಠ ಅನುಕೂಲವಾಗಿತ್ತು. ಅವರೂ ಹಾಗೇ ಮಾಡಿದ್ರಲ್ಲ ಅನ್ನಬಹುದಲ್ಲ. ಆದರೆ ಮೊರಿಯೊರಿ ವಂಶದವರು ಇದ್ದಾರೆ. ಗುಲಾಮಗಿರಿ ನಿಲ್ಲಿಸದೆ ಸರ್ಕಾರ ತಪ್ಪು ಮಾಡಿತು ಅಂತ ವೈಟಾಂಗಿ ಟ್ರಿಬ್ಯುನಲ್ 2001ರಲ್ಲಿ ಹೇಳಿತು. 2021ರಲ್ಲಿ ಅವರೊಂದಿಗಿನ ಒಪ್ಪಂದ ಕಾನೂನಾಯ್ತು.

ಈ ವರ್ಷ ಮತ್ತೆ ಫೀಜೋವಾ ಬಂತು. ಬೇಲಿಯ ಹತ್ತಿರ ನಿಂತು ಹಿರಿಯರಿಗೆ ಇದೆಲ್ಲ ಹೇಳಿದ್ವಿ. ಸಿಟ್ಟಾಗ್ತಾರೆ ಅಂದುಕೊಂಡಿದ್ವಿ. "ಸ್ಕೂಲಿನಲ್ಲಿ ನಮಗೆ ಹಾಗೇ ಹೇಳಿಕೊಟ್ಟಿದ್ರು" ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ನಿಮ್ಮ ಕಡೆ ಇಂಥದ್ದು ಇರಲಿಲ್ವಾ?"

ಇತ್ತು. ಜೀತ ರದ್ದಾದ ಕಾನೂನು 1976ರದ್ದು. ದೇವರಾಜ ಅರಸರ ಕಾಲದ 1974ರ ಭೂ ಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟಿತು, ಆದರೆ ಜೀತದಾಳಿನ ಹೆಸರು ಗೇಣಿ ಪತ್ರದಲ್ಲಿ ಎಲ್ಲಿರುತ್ತೆ? ನಮ್ಮಲ್ಲೊಬ್ಬರ ಅಜ್ಜನ ಮನೆಯಲ್ಲಿ ಅಂಥ ಒಬ್ಬ ಇದ್ದ ಅಂತ ಕೇಳಿದ್ದ ನೆನಪು. ಆ ಭಾನುವಾರ ಊರಿಗೆ ಫೋನ್ ಮಾಡಿ, ಅವನು ಆಮೇಲೆ ಏನಾದ, ಜಮೀನು ಏನಾದ್ರೂ ಬಂತಾ ಅಂತ ಅಜ್ಜಿಯನ್ನ ಕೇಳಿದ್ವಿ.

"ಅವ್ನಿಗ್ಯಾರವ್ವ ಜಮೀನ್ ಕೊಟ್ಟಾರು?" ಅಂದರು ಅಜ್ಜಿ. "ಸಾಲ ಮನ್ನಾ ಅಂದ್ರು, ಹೋದ. ಎಲ್ಲಿಗೋದ ಅಂತ ನಾವೂ ಕೇಳ್ಲಿಲ್ಲ."