ರಾತ್ರಿ ಎಂಟೂವರೆಯ ಲೆಕ್ಕ

ತಿಂಗಳ ದಿನಸಿಯನ್ನು ಮೂಟೆಗಟ್ಟಲೆ ತಂದುಬಿಟ್ಟರೆ ಉಳಿತಾಯ ಎಂಬುದು ಅಟ್ಟವಿರುವ ಮನೆಯ ಲೆಕ್ಕ. ಮುಂಬಯಿಯ ವಿಕ್ರೋಳಿಯ ಕನ್ನಮ್ವಾರ್ ನಗರಕ್ಕೋ ಟಾಗೋರ್ ನಗರಕ್ಕೋ ಬಂದ ಮೇಲೆ ಅದನ್ನು ಹೊಸದಾಗಿ ಕೂಡಿ ಕಳೆಯಬೇಕು. 300 ಚದರಡಿಯ ಮನೆಗೆ ತಿಂಗಳಿಗೆ 20,000 ರೂಪಾಯಿ ಬಾಡಿಗೆ ಎಂದಿಟ್ಟುಕೊಳ್ಳಿ. ಚದರಡಿಗೆ ಸುಮಾರು 67 ಬಿತ್ತು. 25 ಕಿಲೋ ಕುಚ್ಚಲಕ್ಕಿಯ ಮೂಟೆಗೆ ಎರಡು ಚದರಡಿ ನೆಲ ಬೇಕೆಂದರೆ ತಿಂಗಳಿಗೆ 134. ಕಿಲೋಗೆ ಐದು ರೂಪಾಯಿ ಅಗ್ಗವಾಗಿ ಸಿಕ್ಕರೂ ಲಾಭ ಬರೀ 125. ಮೂಟೆ ತರದಿದ್ದರೆ ಮನೆ ಮಾಲೀಕ ಬಾಡಿಗೆ ಇಳಿಸುತ್ತಾನೆಯೇ ಎಂದು ಕೇಳುವಿರಿ. ಇಳಿಸುವುದಿಲ್ಲ, ಒಪ್ಪಿದೆ. ಆದರೆ ಮಗುವಿನ ಪುಸ್ತಕದ ಚೀಲಕ್ಕೂ ಮೂಟೆಗೂ ಒಂದೇ ಮೂಲೆ ಇರುವ ಮನೆಯಲ್ಲಿ ಆ ನೆಲವನ್ನು ಪುಕ್ಕಟೆ ಎನ್ನಲು ನನಗೆ ಮನಸ್ಸು ಬಾರದು.

ದುಡ್ಡು ಸೋರುವುದು ಬೇರೆ ಕಡೆ. ಲೋಕಲ್ ಇಳಿದು ಮನೆ ಸೇರುವಾಗ ಎಂಟೂವರೆ. ಡಬ್ಬದಲ್ಲಿ ಅಕ್ಕಿ, ಬೇಳೆ, ಹುರುಳಿ ಎಲ್ಲವೂ ಇದೆ, ಆದರೂ ಕೈ ಮೊಬೈಲಿನತ್ತ ಹೋಗುತ್ತದೆ. ನಮ್ಮ ಕರಾವಳಿ ಅಡುಗೆಯಲ್ಲಿ ಇಲ್ಲವಾಗುವುದು ಸಾಮಾನಲ್ಲ, ಕಾಯಿ ತುರಿದು, ಬ್ಯಾಡಗಿ ಮೆಣಸು ಹುರಿದು, ರುಬ್ಬುವ ಚೈತನ್ಯ. ನಾಲ್ವರಿಗೆ ಹೊರಗಿನಿಂದ ತರಿಸಿದ ಊಟ 600 ರೂಪಾಯಿ, ಮನೆಯದ್ದು 150 ಎಂದು ಹಿಡಿದರೂ ತಿಂಗಳಿಗೆ ಇಂಥ ಎರಡು ರಾತ್ರಿ ತಪ್ಪಿದರೆ 900 ಉಳಿಯಿತು. ಮೂಟೆಯ ಲಾಭದ ಏಳು ಪಟ್ಟಿಗೂ ಹೆಚ್ಚು. ಹಾಗಾಗಿ ಫ್ರೀಜರಿನಲ್ಲಿ ಇರಬೇಕಾದ್ದು ಅರ್ಧ ಮುಗಿದ ಕೆಲಸ. ರುಬ್ಬಿದ ಮಸಾಲೆಯನ್ನು ಚೀಲದಲ್ಲಿ ತುಂಬಿ ಅಂಗೈಯಿಂದ ಚಪ್ಪಟೆ ಮಾಡಿ ಮಲಗಿಸಿಟ್ಟರೆ ಬೇಕಾದಾಗ ಹಪ್ಪಳ ಮುರಿದಂತೆ ಒಂದು ತುಂಡು ಮುರಿದುಕೊಳ್ಳಬಹುದು; ಉಂಡೆ ಮಾಡಿಟ್ಟರೆ ಕಲ್ಲಾಗಿ ಕೂರುತ್ತದೆ. ಬೇಯಿಸಿದ ಹುರುಳಿ, ತುರಿದ ಕಾಯಿ, ಇಷ್ಟಾದರೆ ಇಪ್ಪತ್ತು ನಿಮಿಷದಲ್ಲಿ ಸಾರು.

ತಂಗಳು ಎಂದು ಹಿರಿಯರು ಮೂಗು ಮುರಿಯುತ್ತಾರೆ. ಆದರೆ ಇಲ್ಲಿ ಕೂಡಿಟ್ಟದ್ದು ಸಾರನ್ನಲ್ಲ. ಕುದಿಯೂ ಒಗ್ಗರಣೆಯೂ ಆ ಹೊತ್ತಿನದೇ. ಉಪ್ಪಿನಕಾಯಿ, ಸಂಡಿಗೆ, ಮಾಂಬಳವನ್ನು ವರ್ಷವಿಡೀ ಕಾಪಿಟ್ಟ ಅಡುಗೆಮನೆಗೆ ಈ ತಕರಾರು ಅಷ್ಟೇನೂ ಒಪ್ಪುವುದಿಲ್ಲ. ಇದಕ್ಕಿಂತ ಗಟ್ಟಿ ಆಕ್ಷೇಪ ಮಳೆಯದು. 2005ರ ಜುಲೈ 26ರಂದು ಸಾಂತಾಕ್ರೂಸಿನಲ್ಲಿ 944 ಮಿಲಿಮೀಟರ್ ಸುರಿದಾಗ ಉಪನಗರಗಳ ಹಲವೆಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. 1958ರಲ್ಲೇ ದೇಶೀ ಫ್ರಿಜ್ ತಂದ ಗೋದ್ರೆಜ್‌ನ ಊರಾದ ವಿಕ್ರೋಳಿಯಲ್ಲಿದ್ದರೂ ಕರೆಂಟ್ ಹೋದರೆ ಫ್ರಿಜ್ ಬರೀ ಕಪಾಟು. ಆದ್ದರಿಂದ ಫ್ರೀಜರಿಗೆ ಒಂದು ವಾರದ್ದು ಸಾಕು, ಜೂನ್ ಬಂದ ಮೇಲೆ ಅದಕ್ಕೂ ಕಡಿಮೆ. ಗಂಜಿಗೆ ಅಕ್ಕಿ, ಹಪ್ಪಳ, ಒಣಮೀನು ಡಬ್ಬದಲ್ಲೇ ಇರಲಿ.

ನನಗೆ ಸುಲಭವಾಗಿ ಉತ್ತರ ಸಿಗದ ಪ್ರಶ್ನೆ ಒಂದಿದೆ: ಭಾನುವಾರ ರುಬ್ಬುವವರು ಯಾರು? ವಾರದ ಮಸಾಲೆ ಒಮ್ಮೆಗೇ ಆದರೆ ಮಿಕ್ಸಿ ಜಾರು ತೊಳೆಯುವುದೂ ಒಮ್ಮೆಯೇ, ಶ್ರಮ ಒಟ್ಟಾರೆ ತಗ್ಗುತ್ತದೆ, ಸರಿ. ಆದರೂ ವಾರಕ್ಕೆರಡು ಗಂಟೆಯಂತೆ ತಿಂಗಳಿಗೆ ಎಂಟು ಗಂಟೆ. ಆ 900ನ್ನು ಹಂಚಿದರೆ ಗಂಟೆಗೆ ಸುಮಾರು 112 ರೂಪಾಯಿ. ಪ್ರತಿ ವಾರವೂ ಕಾಯಿ ತುರಿಯುವುದು ಒಂದೇ ಕೈ ಆಗಿದ್ದರೆ, ಅದನ್ನು ಮನೆಯ ಉಳಿತಾಯವೆಂದು ಬರೆಯುವ ಮೊದಲು ಆ ಕೈಯ ಹೆಸರಿನಲ್ಲಿ ಬರೆಯಬೇಕು.