ಕಾಫಿ ಪಲ್ಪರ್ ಯಂತ್ರದ ಪಾಲನೆ ಮತ್ತು ಬಿಡಿಭಾಗಗಳ ಆಯ್ಕೆ

ವರ್ಷವೆಲ್ಲ ನೆರಳನ್ನು ಹದಗೊಳಿಸಿ, ಗೊಬ್ಬರವಿಟ್ಟು, ಕಳೆ ತೆಗೆಸಿ, ಕೂಲಿ ತೆತ್ತು ಬೆಳೆದ ಕಾಫಿಯ ಹಣ್ಣು ಪಲ್ಪರ್ ಯಂತ್ರದೊಳಗೆ ಇರುವುದು ಕೆಲವೇ ಕ್ಷಣಗಳು. ಆದರೆ ಆ ಕ್ಷಣಗಳಲ್ಲಿ ಬೀಜಕ್ಕೆ ಗಾಯವಾದರೆ, ಮುಂದೆ ಎಷ್ಟು ಎಚ್ಚರಿಕೆಯಿಂದ ತೊಳೆದರೂ ಒಣಗಿಸಿದರೂ ಅದು ಸರಿಹೋಗತಕ್ಕದ್ದಲ್ಲ. ಗಾಯದ ಮೂಲಕ ಹುಳಿಯು ಒಳಸೇರಿ ಬೀಜವು ಕಂದುಬಣ್ಣಕ್ಕೆ ತಿರುಗುವುದು; ಅಂತಹ ಕೆಲವು ಬೀಜಗಳು ಉಳಿದ ಒಳ್ಳೆಯ ಕಾಫಿಯ ರುಚಿಯನ್ನೂ ಕೆಡಿಸುವುವು. ನೂರು ಬೀಜಗಳಲ್ಲಿ ಐದು ಕತ್ತರಿಸಿದರೆ ನೂರು ಮೂಟೆಗಳಲ್ಲಿ ಐದು ಮೂಟೆಯಷ್ಟು ಬೀಜವು ಕೆಟ್ಟಂತಾಯಿತು. ಒಂದು ಕಿಲೋ ಶುದ್ಧ ಅರೇಬಿಕಾ ಕಾಫಿಗೆ ಸುಮಾರು ಆರು ಕಿಲೋ ಹಣ್ಣು ಬೇಕಾಗುವುದೆಂಬುದನ್ನು ನೆನೆದರೆ ಈ ನಷ್ಟವು ಅಲ್ಪವಲ್ಲವೆಂದು ತಿಳಿಯುವುದು.

ಯಂತ್ರವು ಕೆಲಸಮಾಡುವ ಕ್ರಮ

ಪಲ್ಪರುಗಳಲ್ಲಿ ಉರುಳೆಯುಳ್ಳವು, ಚಕ್ರವುಳ್ಳವು ಎಂದು ಎರಡು ಬಗೆಗಳು ಮುಖ್ಯವಾದುವು. ಎರಡರಲ್ಲಿಯೂ ತತ್ವವು ಒಂದೇ. ತಿರುಗುವ ಭಾಗದ ಮೇಲೆ ಸಣ್ಣ ಗುಬುಟುಗಳುಳ್ಳ ಲೋಹದ ತಗಡು ಇರುವುದು. ಅದರ ಎದುರಿಗೆ ಅಲುಗಾಡದ ಒಂದು ಪಟ್ಟಿ ಅಥವಾ ಎದೆಹಲಗೆ ಇರುವುದು. ಇವೆರಡರ ನಡುವಣ ಸಂದಿನಲ್ಲಿ ಹಣ್ಣು ಒತ್ತಲ್ಪಟ್ಟು, ಬೀಜಗಳು ಹೊರಕ್ಕೆ ಜಾರುವುವು. ಸಿಪ್ಪೆಯನ್ನು ಗುಬುಟುಗಳು ಎಳೆದುಕೊಂಡು ಹಿಂದಕ್ಕೆ ಒಯ್ಯುವುವು. ಯಂತ್ರದ ಗುಣವೆಲ್ಲವೂ ಈ ಸಂದಿನ ಅಳತೆಯಲ್ಲಿಯೂ ಗುಬುಟುಗಳ ಸ್ಥಿತಿಯಲ್ಲಿಯೂ ಅಡಗಿರುವುದು.

ನೂರು ಬೀಜದ ಪರೀಕ್ಷೆ

ಪ್ರತಿದಿನವೂ ಕೆಲಸವು ಆರಂಭವಾದ ಸ್ವಲ್ಪ ಹೊತ್ತಿಗೆ, ಯಂತ್ರದಿಂದ ಬರುವ ಪಾರ್ಚ್‌ಮೆಂಟಿನಲ್ಲಿ ಒಂದು ಹಿಡಿ ತೆಗೆದು, ನೂರು ಬೀಜಗಳನ್ನು ಎಣಿಸಿ, ಕತ್ತರಿಸಿದ ಬೀಜಗಳು, ಸುಲಿಯದ ಹಣ್ಣುಗಳು, ಸಿಪ್ಪೆಯ ಚೂರುಗಳು ಎಷ್ಟೆಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಹಾಗೆಯೇ ಸಿಪ್ಪೆಯ ರಾಶಿಯನ್ನೂ ಕೆದಕಿ, ಅದರಲ್ಲಿ ಬೀಜಗಳು ಹೋಗುತ್ತಿವೆಯೇ ಎಂದು ನೋಡತಕ್ಕದ್ದು. ಇದಕ್ಕೆ ಹತ್ತು ನಿಮಿಷ ಸಾಕು. ಈ ಪುಸ್ತಕವು ಯಂತ್ರದ ನಾಡಿಯಿದ್ದಂತೆ. ಹಿಂದಿನ ದಿನಕ್ಕಿಂತ ದೋಷವು ಹೆಚ್ಚಿದರೆ ಕಾರಣವನ್ನು ಅಂದೇ ಹುಡುಕಬೇಕು.

ಕಾರಣವನ್ನು ಹುಡುಕುವಾಗ ಮೊದಲು ಹಣ್ಣನ್ನು, ಆಮೇಲೆ ಸಂದನ್ನು, ಕೊನೆಗೆ ಬಿಡಿಭಾಗವನ್ನು ನೋಡತಕ್ಕದ್ದು. ಅನೇಕರು ಈ ಕ್ರಮವನ್ನು ತಲೆಕೆಳಗು ಮಾಡಿ, ಮೊದಲು ಹೊಸ ತಗಡನ್ನು ಕೊಂಡು, ಹಣವನ್ನು ಕಳೆದುಕೊಂಡು, ದೋಷವನ್ನು ಹಾಗೆಯೇ ಉಳಿಸಿಕೊಳ್ಳುವುದುಂಟು.

ಮೊದಲನೆಯದು ಹಣ್ಣು: ಹಸಿರುಗಾಯಿಯೂ ಗಿಡದಲ್ಲಿಯೇ ಒಣಗಿದ ಹಣ್ಣೂ ಎಂತಹ ಯಂತ್ರದಲ್ಲಿಯೂ ಸರಿಯಾಗಿ ಸುಲಿಯುವುದಿಲ್ಲ. ಇವುಗಳನ್ನು ಕೊಯ್ಲಿನಲ್ಲಿಯೇ ಬೇರೆಮಾಡತಕ್ಕದ್ದು. ಕೊಯ್ದ ಹಣ್ಣನ್ನು ಅದೇ ದಿನ ಸುಲಿಯತಕ್ಕದ್ದು. ಪಲ್ಪರಿಗೆ ಹಾಕುವ ಮೊದಲು ನೀರಿನ ತೊಟ್ಟಿಯಲ್ಲಿ ತೇಲುಹಣ್ಣನ್ನು ತೆಗೆದು, ಕಲ್ಲನ್ನು ತಳದಲ್ಲಿ ಉಳಿಸತಕ್ಕದ್ದು. ಒಂದು ಸಣ್ಣ ಕಲ್ಲು ಇಡೀ ತಗಡನ್ನು ಹಾಳುಮಾಡಬಲ್ಲುದು.

ಎರಡನೆಯದು ಸಂದು: ಬೀಜಗಳು ಕತ್ತರಿಸಿ ಬರುತ್ತಿದ್ದರೆ ಸಂದು ಕಿರಿದಾಗಿರುವುದೆಂದೂ, ಸುಲಿಯದ ಹಣ್ಣುಗಳು ಹೆಚ್ಚಾಗಿ ಬರುತ್ತಿದ್ದರೆ ಅಥವಾ ಸಿಪ್ಪೆಯೊಡನೆ ಬೀಜವು ಹೋಗುತ್ತಿದ್ದರೆ ಸಂದು ಅಗಲವಾಗಿರುವುದೆಂದೂ ಸಾಮಾನ್ಯವಾಗಿ ಊಹಿಸಬಹುದು. ಕಣ್ಣಂದಾಜು ಸಾಲದು, ಫೀಲರ್ ಗೇಜ್ ಎಂಬ ತೆಳುತಗಡುಗಳ ಮಾಪಕದಿಂದ ಎಡತುದಿ, ನಡು, ಬಲತುದಿ ಈ ಮೂರು ಕಡೆಗಳಲ್ಲಿಯೂ ಅಳೆದು, ತಯಾರಕರು ಕೊಟ್ಟ ಅಳತೆಯೊಡನೆ ಹೋಲಿಸತಕ್ಕದ್ದು. ಅರೇಬಿಕಾ ಮುಗಿದು ರೊಬಸ್ಟಾ ಆರಂಭವಾದಾಗ ಹಣ್ಣಿನ ಗಾತ್ರವು ಬದಲಾಗುವುದರಿಂದ ಸಂದನ್ನು ಪುನಃ ಹೊಂದಿಸಬೇಕು. ಅಳೆಯುವ ಮೊದಲು ಯಂತ್ರವನ್ನು ನಿಲ್ಲಿಸಿ, ವಿದ್ಯುತ್ತನ್ನು ಕಡಿದು ಅಥವಾ ಬೆಲ್ಟನ್ನು ಕಳಚಿರಬೇಕು. ತಿರುಗುವ ಯಂತ್ರಕ್ಕೆ ಯಾರೂ ಕೈಹಾಕಕೂಡದು. ಜೋಲುವ ಸೆರಗು, ಪಂಚೆಗಳನ್ನುಟ್ಟವರನ್ನು ಬೆಲ್ಟಿನ ಹತ್ತಿರ ನಿಲ್ಲಿಸಕೂಡದು.

ಮೂರನೆಯದು ಬಿಡಿಭಾಗ: ಹಣ್ಣು ಹದವಾಗಿದ್ದು, ಸಂದು ಸರಿಯಾಗಿದ್ದರೂ ದೋಷವು ನಿಲ್ಲದಿದ್ದರೆ ಮಾತ್ರ ಭಾಗವು ಸವೆದಿರುವುದೆಂದು ತಿಳಿಯಬೇಕು. ಗುಬುಟುಗಳು ಸವೆದು ಚಪ್ಪಟೆಯಾದರೆ ಸಿಪ್ಪೆಯನ್ನು ಹಿಡಿಯಲಾರವು. ಒಡೆದು ಚೂಪಾದರೆ ಬೀಜವನ್ನು ಗೀರುವುವು. ಒಂದು ತುದಿಯಲ್ಲಿ ಮಾತ್ರ ಬೀಜವು ಕತ್ತರಿಸುತ್ತಿದ್ದರೆ ತಗಡನ್ನು ದೂರುವುದಕ್ಕೆ ಮೊದಲು ಬೇರಿಂಗು ಸಡಿಲವಾಗಿದೆಯೇ, ಷಾಫ್ಟು ಬಗ್ಗಿದೆಯೇ ಎಂದು ಪರೀಕ್ಷಿಸತಕ್ಕದ್ದು. ಬೇರಿಂಗು ಸವೆದಿರುವಾಗ ಹೊಸ ತಗಡನ್ನು ಹಾಕಿದರೆ ಅದೂ ಬೇಗನೆ ಕೆಡುವುದು.

ಬಿಡಿಭಾಗಗಳನ್ನು ಕೊಳ್ಳುವಾಗ

ಅಂಗಡಿಗೆ ಬರಿಯ ಮಾತಿನಿಂದ ಹೋಗಕೂಡದು. ಯಂತ್ರದ ಫಲಕದ ಮೇಲಿರುವ ಮಾದರಿ ಮತ್ತು ಸಂಖ್ಯೆಯನ್ನು ಬರೆದುಕೊಂಡು, ಸಾಧ್ಯವಾದರೆ ಹಳೆಯ ಭಾಗವನ್ನೇ ಒಯ್ಯತಕ್ಕದ್ದು. ತಗಡಿನ ಉದ್ದಗಲ, ದಪ್ಪ, ಗುಬುಟಿನ ಗಾತ್ರ ಮತ್ತು ಸಾಲುಗಳ ಅಂತರ ಇವು ಹಳೆಯದಕ್ಕೆ ಸರಿಹೋಗಬೇಕು. ತಾಮ್ರದ ತಗಡು ಮೃದುವಾದುದರಿಂದ ಬೇಗ ಸವೆಯುವುದು. ತುಕ್ಕುಹಿಡಿಯದ ಉಕ್ಕು ಹೆಚ್ಚು ಕಾಲ ಬಾಳುವುದು. ಆದರೆ ಲೋಹ ಯಾವುದಾದರೂ ಗುಬುಟುಗಳ ಮೇಲೆ ಬೆರಳಾಡಿಸಿದಾಗ ಚೂಪಾದ ಅಂಚು ತಗಲಿದರೆ ಅಂತಹ ತಗಡನ್ನು ತಿರಸ್ಕರಿಸತಕ್ಕದ್ದು. ಉರುಳೆಗೆ ತಗಡನ್ನು ಬಿಗಿಯುವಾಗ ಎಲ್ಲಿಯೂ ಉಬ್ಬು ಉಳಿಯಕೂಡದು, ಮೊಳೆಯ ತಲೆಯು ಹೊರಚಾಚಕೂಡದು.

ಬೇರಿಂಗಿನ ಸಂಖ್ಯೆಯು ಅದರ ಬಳೆಯ ಮೇಲೆಯೇ ಕೆತ್ತಿರುವುದು. ಅದೇ ಸಂಖ್ಯೆಯದನ್ನು ಕೊಳ್ಳಬೇಕು. ಬೆಲ್ಟಿನ ಅಳತೆಯೂ ಅದರ ಬೆನ್ನಿನ ಮೇಲೆ ಅಚ್ಚಾಗಿರುವುದು. ಒಂದೇ ಗಾಲಿಯ ಮೇಲೆ ಎರಡು ಮೂರು ಬೆಲ್ಟುಗಳಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸತಕ್ಕದ್ದು. ಹಳೆಯದರೊಡನೆ ಹೊಸದನ್ನು ಸೇರಿಸಿದರೆ ಭಾರವೆಲ್ಲವೂ ಹೊಸದರ ಮೇಲೆ ಬೀಳುವುದು. ಬೆಲೆ ಕಡಮೆಯೆಂದು ಅಳತೆ ತಪ್ಪಿದ ಭಾಗವನ್ನು ಕೊಂಡವನು ಅಂಗಡಿಯಲ್ಲಿ ಉಳಿಸಿದುದನ್ನು ಕಣದಲ್ಲಿ ಹಲವು ಮಡಿಯಾಗಿ ಕಳೆದುಕೊಳ್ಳುವನು.

ದಿನದ ಮತ್ತು ವರ್ಷದ ಪಾಲನೆ

ಪ್ರತಿದಿನ ಕೆಲಸವು ಮುಗಿದೊಡನೆ ಯಂತ್ರವನ್ನು ಚೊಕ್ಕನೀರಿನಿಂದ ತೊಳೆದು, ಮೂಲೆಗಳಲ್ಲಿ ಸಿಕ್ಕಿಕೊಂಡ ಬೀಜಗಳನ್ನು ತೆಗೆಯತಕ್ಕದ್ದು. ರಾತ್ರಿಯೆಲ್ಲ ಅಲ್ಲಿಯೇ ಹುಳಿತ ಬೀಜವು ಮರುದಿನದ ತೊಟ್ಟಿಗೆ ಬಿದ್ದರೆ ದುರ್ವಾಸನೆಯನ್ನು ಕೊಡುವುದು. ಗ್ರೀಸು ಬೇರಿಂಗಿಗೆ ಮಾತ್ರ ಸಲ್ಲತಕ್ಕದ್ದು; ಅದು ಹೆಚ್ಚಾಗಿ ಹಣ್ಣಿನ ದಾರಿಗೆ ಸೋರಿದರೆ ಕಾಫಿಯು ಕೆಡುವುದು. ಕೊಯ್ಲು ಮುಗಿದ ಮೇಲೆ ಯಂತ್ರವನ್ನು ತೊಳೆದು ಒಣಗಿಸಿ, ಬೆಲ್ಟನ್ನು ಸಡಿಲಿಸಿ, ಸವೆದ ಭಾಗಗಳ ಪಟ್ಟಿಯನ್ನು ಆಗಲೇ ಬರೆದಿಡತಕ್ಕದ್ದು. ಮಳೆಗಾಲದ ಬಿಡುವಿನಲ್ಲಿ ತರಿಸಿದ ಭಾಗವು ನವೆಂಬರಿನಲ್ಲಿ ಸಿದ್ಧವಾಗಿರುವುದು. ಹಣ್ಣು ಕೆಂಪಾಗಿ ನಿಂತಾಗ ಹುಡುಕಹೊರಟರೆ ಯಂತ್ರವು ನಿಲ್ಲುವುದಲ್ಲದೆ ಕೊಯ್ದ ಹಣ್ಣು ಚೀಲದಲ್ಲಿಯೇ ಹುಳಿಯುವುದು.

ಗ್ರಾಮದ ಮುಖಂಡರ ಕರ್ತವ್ಯ

ಸಣ್ಣ ಹಿಡುವಳಿದಾರರು ಒಬ್ಬೊಬ್ಬರೇ ಬಿಡಿಭಾಗಗಳನ್ನು ಕೂಡಿಡುವುದು ಕಷ್ಟ. ಒಂದೇ ಮಾದರಿಯ ಯಂತ್ರಗಳುಳ್ಳವರು ಸೇರಿ ಒಂದು ತಗಡು, ಒಂದು ಜೊತೆ ಬೇರಿಂಗು, ಒಂದು ಸೆಟ್ಟು ಬೆಲ್ಟು ಮತ್ತು ಒಂದು ಮಾಪಕವನ್ನು ಊರಿನಲ್ಲಿ ಸಾಮಾನ್ಯವಾಗಿ ಇಟ್ಟುಕೊಂಡರೆ ಖರ್ಚು ಹಂಚಿಹೋಗುವುದು. ಈ ಏರ್ಪಾಟನ್ನು ಊರಿನ ಹಿರಿಯರು ಮುಂದೆ ನಿಂತು ಮಾಡಿಸಬಹುದು. ಸಂಶಯ ಬಂದಲ್ಲಿ ಕಾಫಿ ಮಂಡಳಿಯ ವಿಸ್ತರಣಾಧಿಕಾರಿಗಳನ್ನು ವಿಚಾರಿಸತಕ್ಕದ್ದು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಆರಂಭವಾದ ಸಂಶೋಧನಾ ಕೇಂದ್ರವೂ ಬೆಳೆಗಾರರ ಸಹಾಯಕ್ಕಾಗಿಯೇ ಇರುವುದು. ಬೆಳೆಯ ದರವು ಬೆಳೆಗಾರನ ಕೈಯಲ್ಲಿಲ್ಲ. ಪಲ್ಪರಿನ ಸಂದು ಅವನ ಕೈಯಲ್ಲಿಯೇ ಇರುವುದು.